ಮಲಾಡ್ ಕಲ್ಲಿನ ಮೇಲೊಂದು ಬಾಳೆ ಎಲೆ

ಎದುರಿನ ಫ್ಲ್ಯಾಟಿನಲ್ಲಿ ಅಡುಗೆಮನೆಯ ಕಟ್ಟೆ ಬದಲಾಯಿಸುತ್ತಿದ್ದಾರೆ. ಮೆಷೀನಿಗೆ ನೀರು ಬಿಡುತ್ತಾ ಗ್ರಾನೈಟು ಕೊಯ್ಯುವಾಗ ಏಳುವ ಒದ್ದೆ ಕಲ್ಲುಹುಡಿಯ ವಾಸನೆ ಪ್ಯಾಸೇಜು ದಾಟಿ ನಮ್ಮ ಮನೆಯೊಳಗೂ ಬಂತು. "ಮಮ್ಮಾ, ಖಿಡಕಿ ಬಂದ್ ಕರೋ ನಾ, ಎಷ್ಟು ಧೂಳು!" ಎಂದು ಮಗಳು ಒಳಗಿನಿಂದ ಕೂಗಿದಳು. ನಾನು ಕಿಟಕಿ ಹಾಕಲಿಲ್ಲ. ಮೊದಲ ಮಳೆಗೆ ಮಣ್ಣು ಬೀರುವ ವಾಸನೆಯನ್ನು ಎಲ್ಲರೂ ಹೊಗಳಿ ಮುಗಿಸಿದ್ದಾರೆ. ಕಲ್ಲಿಗೂ ಒಂದು ವಾಸನೆಯುಂಟು ಎಂದರೆ ಮಾತ್ರ ಯಾರೂ ಕಿವಿಗೊಡುವುದಿಲ್ಲ. ಉಳಿ ತಾಗಿದಲ್ಲಿ ಸ್ವಲ್ಪ ಸುಟ್ಟ ವಾಸನೆ, ನೀರು ಬಿದ್ದಲ್ಲಿ ಬಾವಿಯೊಳಗಿನ ತಂಪಿನ ವಾಸನೆ. ಅರುವತ್ತು ದಾಟಿದ ನಾನು ಮುಲುಂಡಿನ ಈ ಸೊಸೈಟಿಯ ಕಿಟಕಿಗೆ ಅಂಟಿಕೊಂಡು ನಿಂತು ಅದನ್ನು ಎದೆ ತುಂಬ ಎಳೆದುಕೊಂಡೆ. ನನ್ನ ಬಾಲ್ಯದ ಒಂದು ಇಡೀ ಬೇಸಗೆ ಆ ವಾಸನೆಯಲ್ಲೇ ಕಳೆದಿತ್ತು.

ಮುಂಬಯಿಯ ಹೊಟ್ಟೆಯೊಳಗೆ ಹಳ್ಳಿಗಳಿವೆ ಎಂದರೆ ಹೊಸಬರು ನಂಬುವುದಿಲ್ಲ. ಮಲಾಡಿನಲ್ಲಿ, ಸ್ಟೇಷನ್ನಿನಿಂದ ಪಶ್ಚಿಮಕ್ಕೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಡೆ ನಡೆದರೆ ಅಂಥದೊಂದು ಹಳ್ಳಿಯಿತ್ತು. ಮೀನು ಹಿಡಿಯುವ ಕೋಲಿ ಜನರ ಮನೆಗಳು, ಅವಕ್ಕೆ ಬೆನ್ನು ತಾಗಿಸಿಕೊಂಡು ಹಳೆಯ ಕ್ರಿಶ್ಚಿಯನ್ ಕುಟುಂಬಗಳ ಮರದ ಮೆಟ್ಟಿಲಿನ ಮನೆಗಳು, ನಡುವೆ ಒಂದು ಬಾವಿ. ಬಾವಿಯ ಈಚೆ ಬದಿಯಲ್ಲಿ ನಮ್ಮ ಹೋಟೆಲು. ಎದುರಿಗೆ ಹೋಟೆಲು, ಹಿಂದೆ ಮನೆ. ಎರಡಕ್ಕೂ ನಡುವೆ ಇದ್ದದ್ದು ಅಡುಗೆಮನೆ. ಹಾಗಾಗಿ ನಾವು ಹುಟ್ಟಿದ್ದು, ಬೆಳೆದದ್ದು, ಪಾಠ ಓದಿದ್ದು ಎಲ್ಲ ಒಗ್ಗರಣೆಯ ಘಾಟಿನಲ್ಲೇ. ಅಪ್ಪ ಗಲ್ಲಾದಲ್ಲಿ ಕೂರುತ್ತಿದ್ದರು. ಅಮ್ಮನಿಗೆ ಕಡೆಯುವ ಕಲ್ಲೇ ಪೀಠ. ಅಮ್ಮನ ತಾಯಿ, ಅಂದರೆ ನನ್ನ ಅಜ್ಜಿ, ಉಡುಪಿಯ ಆಚೆಗಿನ ಊರಿನಿಂದ ಮಗಳ ಬಾಣಂತನಕ್ಕೆಂದು ಬಂದವಳು ಮರಳಿ ಹೋಗಲೇ ಇಲ್ಲ. ಮನೆಯಲ್ಲಿ ಮಾತೆಲ್ಲ ತುಳು. ಇಲ್ಲಿ ಅವರ ಬಾಯಲ್ಲಿ ಕನ್ನಡ ಹಾಕುತ್ತಿರುವವಳು ನಾನು. ಅಜ್ಜಿ ಕೇಳಿಸಿಕೊಂಡಿದ್ದರೆ "ಇದೆಂಥ ಇಂಗ್ಲೀಷು ಮಾರಾಯ್ತಿ" ಎಂದು ನಗುತ್ತಿದ್ದಳು.

ಹೋಟೆಲಿನ ಜೀವವಾಗಿದ್ದವನು ಅಜ್ಜಿಯ ಒಬ್ಬನೇ ಮಗ, ನನ್ನ ಸುಂದರ ಮಾವ. ಅಡುಗೆ ಮಾಡುವವನೂ ಅವನೇ, ಜನ ಹೆಚ್ಚಾದರೆ ಬಡಿಸುವವನೂ ಅವನೇ. ಅವನು ಕೂತು ಉಂಡದ್ದನ್ನು ನಾನು ಕಂಡಿಲ್ಲ. ಒಲೆಯ ಎದುರು ನಿಂತೇ, ಅಂಗೈಯಲ್ಲಿ ಎರಡು ತುತ್ತು ಹಾಕಿಕೊಂಡು ಬಾಯಿಗೆ ಎಸೆದರೆ ಅವನ ಊಟ ಮುಗಿಯಿತು. ಹಿತ್ತಲ ಬಾಗಿಲಿನಲ್ಲಿ ಊರಿನ ಹುಡುಗರ ಸಾಲು ಯಾವಾಗಲೂ ಇರುತ್ತಿತ್ತು. ಮೀನು ಮಾರುವ ಅನ್ಸಾ ಮಾವಶಿಯ ಮಗ ಕಾಶಿನಾಥ, ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಜೋಸೆಫ್ ಮಾಸ್ತರರ ಮಗ ಪೀಟರ್, ಇವರಿಬ್ಬರೂ ಚಡ್ಡಿ ಹಾಕುವ ಕಾಲದಿಂದ ಮಾವನ ಕೈಯ ಬಿಸಿ ದೋಸೆ ತಿಂದೇ ಶಾಲೆಗೆ ಹೋದವರು. ಬೆಳೆದ ಮೇಲೆ ಕಾಶಿನಾಥ ನೌಕಾಪಡೆಗೆ ಸೇರಿದ, ಪೀಟರ್ ಕಾಲಾಳು ಪಡೆಗೆ. ಒಂದು ದಿನ ಮಾವನೂ ಹಿಟ್ಟಿನ ಕೈ ತೊಳೆದುಕೊಂಡು, "ಇಡ್ಲಿ ಹಾಕಿ ಹಾಕಿ ಸಾಕಾಯ್ತು ಭಾವ, ನಾನೂ ಹೋಗ್ತೇನೆ" ಎಂದ. ಅಪ್ಪ ತಮಾಷೆ ಎಂದುಕೊಂಡರು. ಅವನು ಮಿಲಿಟರಿಯಲ್ಲಿ ಅಡುಗೆಯವನಾಗಿ ಸೇರಿಯೇಬಿಟ್ಟ. "ಅಲ್ಲಿಯೂ ಒಲೆಯೇ ಅಲ್ವಾ, ಇಲ್ಲಿ ಎಂಥ ಕಡಿಮೆ ಇತ್ತು?" ಎಂದು ಅಜ್ಜಿ ತಿಂಗಳುಗಟ್ಟಲೆ ಗೊಣಗಿದಳು.

ಆಮೇಲೆ ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಬಂತು. ಕಿಟಕಿಯ ಗಾಜಿಗೆ ಕಂದು ಕಾಗದ ಅಂಟಿಸಿದ್ದು, ಟ್ಯಾಕ್ಸಿಗಳ ದೀಪಕ್ಕೆ ಅರ್ಧ ಕಪ್ಪು ಬಳಿದದ್ದು, ಸೈರನ್ ಕೂಗಿದಾಗ ಅಮ್ಮ ನಮ್ಮನ್ನು ಅಕ್ಕಿ ಮೂಟೆಗಳ ನಡುವೆ ಕೂರಿಸಿದ್ದು, ಇವು ನನಗೆ ಆಗ ಆಟದ ಹಾಗೆಯೇ ಇದ್ದವು. ಆಟ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ತಂತಿಗಳು ಬಂದವು. ಮೊದಲು ಅನ್ಸಾ ಮಾವಶಿಯ ಮನೆಗೆ, ಆಮೇಲೆ ಮಾಸ್ತರರ ಮನೆಗೆ, ಕೊನೆಗೆ ನಮಗೆ. ಗಡಿಯ ಮುಂಚೂಣಿಯಲ್ಲಿದ್ದವರಿಗೆ ಊಟ ಹೊತ್ತುಕೊಂಡು ಹೋಗುತ್ತಿದ್ದಾಗ ಗುಂಡು ಬಿದ್ದು ಸುಂದರ ಮಾವ ತೀರಿಹೋದನಂತೆ. ದೇಹ ಬರಲಿಲ್ಲ, ಅಲ್ಲಿಯೇ ದಹನ ಮಾಡಿದರು. ಮೂರು ಮನೆಗಳಲ್ಲಿ ಯಾವ ಮನೆಗೂ ಮಗನ ಮುಖ ಮತ್ತೆ ನೋಡಲು ಸಿಗಲಿಲ್ಲ.

ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲಿ, ದೀಪಾವಳಿಯಲ್ಲಿ ತೀರಿಕೊಂಡ ಹಿರಿಯರಿಗೆ ಬಡಿಸುವ ಪದ್ಧತಿಯುಂಟು. ಒಳಕೋಣೆಯಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ತುದಿ ಬಾಳೆ ಎಲೆ ಹಾಕಿ, ಅವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಬಾಗಿಲು ಹಾಕಿ ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ. ಬಡಿಸದೆ ಬಿಟ್ಟವರು ಹಸಿದುಕೊಂಡು ತಿರುಗುತ್ತಾರೆ ಎಂದು ನಂಬಿಕೆ. ತಂತಿ ಬಂದ ಮೇಲಿನ ಮೊದಲ ಆಟಿಯಲ್ಲಿ ಅಮ್ಮ ಅಜ್ಜನ ಎಲೆಯ ಪಕ್ಕದಲ್ಲಿ ತಮ್ಮನಿಗೆಂದು ಒಂದು ಎಲೆ ಹಾಕಿದಳು. ಅಜ್ಜಿ ಬಗ್ಗಿ ಆ ಎಲೆಯನ್ನು ಮಡಚಿ ತೆಗೆದಳು. "ಇದು ಸತ್ತವರಿಗೆ ಬಡಿಸುದು. ಅವ ಸತ್ತದ್ದನ್ನು ನೀನು ಕಣ್ಣಲ್ಲಿ ಕಂಡಿದ್ದೀಯಾ?" ಎಂದಳು. "ಹಾಗಂತ ಅವನನ್ನು ಹಸಿವಲ್ಲಿ ಬಿಡುದಾ ಅಮ್ಮ?" ಎಂದು ಅಮ್ಮ ಅತ್ತಳು. ಅಜ್ಜಿ ಆ ಡಿಸೆಂಬರಿನಿಂದಲೇ ಮೀನು ಬಿಟ್ಟಿದ್ದಳು. ಗಂಜಿ, ಉಪ್ಪಿನಕಾಯಿ, ಅಷ್ಟೆ. ಊರಿಗೆಲ್ಲ ಉಣ್ಣಿಸಿದವನು ಈಗ ಎಲ್ಲೋ ಹಸಿದುಕೊಂಡಿದ್ದಾನೆ ಎಂಬುದೊಂದೇ ಆ ವರ್ಷ ನಮ್ಮ ಮನೆಯ ಸಂಕಟವಾಗಿತ್ತು. ನಾನೂ ತಟ್ಟೆಯಲ್ಲಿ ಅನ್ನ ಬಿಡಲು ಹೆದರುತ್ತಿದ್ದೆ.

ತೀರಿಹೋದ ಮೂವರ ನೆನಪಿಗೆ ಬಾವಿಯ ಬಳಿ ಒಂದು ಕಲ್ಲು ನಿಲ್ಲಿಸಬೇಕು ಎಂಬ ಮಾತನ್ನು ಮೊದಲು ಎತ್ತಿದವರು ಯಾರು ಎಂದು ನನಗೆ ನೆನಪಿಲ್ಲ. ನೆನಪಿರುವುದು ಬಾವಿಕಟ್ಟೆಯ ಸಭೆ. ಕಾಶಿನಾಥನ ಹೆಸರು ಬರೆದುಕೊಂಡರು, ಪೀಟರನ ಹೆಸರು ಬರೆದುಕೊಂಡರು. ಮಾವನ ಹೆಸರಿನ ಹತ್ತಿರ ಯಾರೋ ಒಬ್ಬರು, ಅವನು ಈ ಊರಿನವನಲ್ಲವಲ್ಲ, ಬಂದೂಕೂ ಹಿಡಿದವನಲ್ಲ ಎಂದು ತಣ್ಣಗೆ ಹೇಳಿದರು. ಅಪ್ಪ ತಲೆ ತಗ್ಗಿಸಿದರು. ಆಗ ಅನ್ಸಾ ಮಾವಶಿ ಸೀರೆಯ ಕಚ್ಚೆ ಸರಿಪಡಿಸಿಕೊಂಡು ಎದ್ದಳು. ಬೆಳಗಿನ ಬಜಾರಿನಲ್ಲಿ ಅವಳ ಸ್ವರ ಕೇಳಿದವರಿಗೆ ಗೊತ್ತು, ಅದರ ಎದುರು ಲೋಕಲ್ ಟ್ರೇನೂ ಮೆತ್ತಗೆ. "ಗಾವ್‌ಚಾ ನಾಹೀ? ಮಾಝಾ ಪೋರಗಾ ತ್ಯಾಚ್ಯಾ ಹಾತಚಂ ಖಾವೂನ್ ಮೋಠಾ ಝಾಲಾ!" ನನ್ನ ಮಗ ಅವನ ಕೈಯ ಅನ್ನ ತಿಂದೇ ದೊಡ್ಡವನಾದದ್ದು, ಅವನ ಹೆಸರು ಇಲ್ಲದ ಕಲ್ಲಿನಲ್ಲಿ ನನ್ನ ಮಗನ ಹೆಸರೂ ಬೇಡ ಎಂದಳು. ಮೂರನೆಯ ಹೆಸರನ್ನೂ ಬರೆದುಕೊಂಡರು.

ಕಲ್ಲಿನ ನಕಾಶೆ ತಯಾರಾದದ್ದು ನಮ್ಮ ಹೋಟೆಲಿನ ಅಮೃತಶಿಲೆಯ ಮೇಜಿನ ಮೇಲೆ, ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ. ಜೋಸೆಫ್ ಮಾಸ್ತರರು ದೊಡ್ಡ ಕಾಗದ ಹರಡಿ ಕೂರುತ್ತಿದ್ದರು. ಅಪ್ಪ ಅವರ ಮುಂದೆ ಕಾಫಿ ಇಟ್ಟು ಪಕ್ಕದಲ್ಲೇ ನಿಲ್ಲುತ್ತಿದ್ದರು. ಮೊದಲು ಬಂದ ಚಿತ್ರದಲ್ಲಿ ತಲೆಕೆಳಗಾಗಿ ಊರಿದ ಒಂದು ಬಂದೂಕು, ಅದರ ಮೇಲೊಂದು ಶಿರಸ್ತ್ರಾಣ ಇತ್ತು. ಊರೂರಿನಲ್ಲಿ ಇರುವುದೇ ಅದು. ಅನ್ಸಾ ಮಾವಶಿ ನೋಡಿ, "ಮೇರಾ ಬೇಟಾ ಜಹಾಜ್ ಪೆ ಥಾ ಮಾಸ್ತರ್, ಬಂದೂಕ್ ಕಿಧರ್ ಸೆ ಆಯಾ?" ಎಂದಳು. ಹಡಗಿನಲ್ಲಿದ್ದ ಅವಳ ಮಗನ ಕೈಯಲ್ಲಿ ಬಂದೂಕಿರಲಿಲ್ಲ, ನಮ್ಮ ಮಾವನ ಕೈಯಲ್ಲಿದ್ದದ್ದು ಸೌಟು. ಮಾಸ್ತರರು ರಬ್ಬರು ತೆಗೆದುಕೊಂಡು ಬಂದೂಕನ್ನು ಅಳಿಸಿದರು, ಶಿರಸ್ತ್ರಾಣವನ್ನೂ ಅಳಿಸಿದರು. ಉಳಿದದ್ದು ಒಂದು ಬರಿಯ ಕಲ್ಲು. ಬಾಗಿಲಿನಷ್ಟು ಎತ್ತರ, ನಾಲ್ಕು ಮುಖ, ಮೇಲೆ ಹೋದಂತೆ ಸ್ವಲ್ಪ ಸಪೂರ. ಅಳಿಸಿ ಅಳಿಸಿಯೇ ಒಂದು ಚಿತ್ರ ಚೆಂದವಾಗುವುದನ್ನು ನಾನು ಕಂಡದ್ದು ಅದೇ ಮೊದಲು, ಮತ್ತು ಈವರೆಗೆ ಅದೇ ಕೊನೆ.

ಒಂದು ಮುಖಕ್ಕೆ ಒಬ್ಬ. ಕಾಶಿನಾಥನದು ಪಶ್ಚಿಮ, ಖಾಡಿಯ ಕಡೆ. ಹಿಮದ ಬೆಟ್ಟದಲ್ಲಿ ಉಳಿದುಹೋದ ಪೀಟರನದು ಉತ್ತರ. ಸುಂದರ ಮಾವನದು ತೆಂಕು, ನಮ್ಮ ಊರಿರುವ ದಿಕ್ಕು. ಹೋಟೆಲಿನ ಹಿತ್ತಲ ಬಾಗಿಲಿಗೂ ಅದೇ ಎದುರು. ಹುದ್ದೆ, ಬಿರುದು, ದೇವರ ಗುರುತು ಯಾವುದೂ ಬೇಡ, ಹೆಸರು ಮಾತ್ರ. ಜತೆಗೆ ಆಯಾ ಮನೆಯ ಹೆಂಗಸು ಏನನ್ನು ಕೇಳುತ್ತಾಳೋ ಅದೊಂದು ಎಂದು ಮಾಸ್ತರರು ತೀರ್ಮಾನಿಸಿದರು. ಅನ್ಸಾ ಮಾವಶಿ ಒಂದು ಗೂಡು ಕೇಳಿದಳು, ದೋಣಿಯಿಂದ ಬರುವವರಿಗೆ ಕಾಣುವ ಹಾಗೆ ದೀಪ ಇಡಲು. ಮಾಸ್ತರರ ಹೆಂಡತಿ ಮೇಣದ ಬತ್ತಿ ನಿಲ್ಲಿಸಲು ಒಂದು ಕುಳಿ ಕೇಳಿದಳು. ಪೂರ್ವದ ಮುಖ ಉಳಿಯಿತು. ಅಲ್ಲಿ ಭಾರತದ ನಕ್ಷೆ ಹಾಕೋಣ ಎಂದು ಯಾರೋ ಹೇಳಿದ್ದಕ್ಕೆ ಮಾಸ್ತರರು ಪೆನ್ಸಿಲಿನಿಂದ ಮೇಜು ತಟ್ಟಿ, "ಆ ಬದಿಯನ್ನು ಕೆತ್ತುವುದೇ ಬೇಡ. ಗಣಿಯಿಂದ ಬಂದ ಹಾಗೆ ಒರಟಾಗಿಯೇ ಇರಲಿ. ಮುಂದೆ ಅಲ್ಲಿ ಇನ್ನೊಂದು ಹೆಸರು ಬರೆಯಲಿಕ್ಕೆ ಯಾರಿಂದಲೂ ಆಗಬಾರದು" ಎಂದು ಹಿಂದಿಯಲ್ಲಿ ಹೇಳಿದರು. ಮಾತು ಪೂರ್ತಿ ಅರ್ಥವಾಗದ ವಯಸ್ಸು ನನ್ನದು. ಆದರೆ ಅಪ್ಪ ಕಾಫಿಯ ಲೋಟ ತೆಗೆದುಕೊಳ್ಳಲು ಬಂದವರು ಅದನ್ನು ಅಲ್ಲೇ ಬಿಟ್ಟು ಮಾಸ್ತರರ ಪಕ್ಕದಲ್ಲಿ ಕೂತದ್ದು ಇನ್ನೂ ಕಣ್ಣಲ್ಲಿದೆ.

ಅಜ್ಜಿ ಮಾತ್ರ ಏನೂ ಕೇಳದೆ ಒಳಗೇ ಇದ್ದಳು. ಕಲ್ಲು ಬಂದ ಮೇಲೆ ಅವಳು ಹೊರಗೆ ಬಂದಳು. ಅದು ಮಲಾಡಿನದೇ ಕಲ್ಲು, ಹಳದಿ ಬೆರೆತ ಕಂದು ಬಣ್ಣದ್ದು. ಬೊಂಬಾಯಿಯ ಎಷ್ಟೋ ಹಳೆಯ ದೊಡ್ಡ ಕಟ್ಟಡಗಳು ಅದೇ ಕಲ್ಲಿನವು ಎಂದು ಮಾಸ್ತರರು ಹೇಳಿದಾಗ ನಮ್ಮ ಬಾವಿಕಟ್ಟೆಯೇ ಒಂದು ಅರಮನೆಯಾಗುತ್ತದೆ ಎಂದು ನಾನು ನಂಬಿದೆ. ಕೆತ್ತಲು ಬಂದವನು ಗಣಿಯ ಬಳಿ ಗುಡಿಸಲು ಹಾಕಿಕೊಂಡಿದ್ದ ಬಾಗಲಕೋಟೆ ಕಡೆಯ ಶರಣಪ್ಪ. ಅವನ ಕನ್ನಡ ಕೇಳಿ ಅಜ್ಜಿಗೆ ಅರ್ಧ ನಗು, ಅಜ್ಜಿಯ ಕನ್ನಡ ಕೇಳಿ ಅವನಿಗೆ ಪೂರ್ತಿ ನಗು. ಅವಳು ದಿನವೂ ಅವನ ಎದುರು ಕೂತು, ಉಳಿಯ ಬಾಯಿಂದ ಹುಡಿ ಹಾರುವುದನ್ನು ನೋಡುತ್ತಿದ್ದಳು. ಒಂದು ಮಧ್ಯಾಹ್ನ, ಅಪ್ಪ ಇದ್ದಿಲಿನಿಂದ ಬರೆದುಕೊಟ್ಟ ಮಾವನ ಹೆಸರನ್ನು ಶರಣಪ್ಪ ಕನ್ನಡ ಅಕ್ಷರಗಳಲ್ಲಿ ಕೆತ್ತಿ ಮುಗಿಸಿದ. ಓದು ಬಾರದ ಅಜ್ಜಿ ಎದ್ದು ಹೋಗಿ ಪ್ರತಿ ಅಕ್ಷರದ ತೋಡಿನಲ್ಲೂ ಬೆರಳು ಇಳಿಸಿ, "ಇದು ಅವನಾ?" ಎಂದು ಕೇಳಿದಳು. "ಹೌದು ಅತ್ತೆ" ಎಂದರು ಅಪ್ಪ. "ಹಾಗಾದರೆ ಕೆಳಗೆ ಒಂದು ಎಲೆ ಹಿಡಿಯುವಷ್ಟು ಜಾಗ ಬೇಕು. ನೆಲದಿಂದ ಒಂದು ಮೊಳ ಸಾಕು" ಎಂದಳು. ಅಮ್ಮ ಒಳಗೆ ಓಡಿಹೋಗಿ ಅತ್ತದ್ದು ಸಂತೋಷಕ್ಕೆ.

ಅಪ್ಪ ಒಂದು ತುದಿ ಎಲೆಯನ್ನು ತಂದು ಅಳತೆಗೆ ಕೊಟ್ಟರು. ಶರಣಪ್ಪನಿಗೆ ಹುರುಪು ಬಂತು. ನಾವು ಕೇಳಿದ್ದು ಬರೀ ಹಲಗೆಯಂಥ ಕಟ್ಟೆ, ಅವನು ಆ ಕಟ್ಟೆಯಲ್ಲೇ ಎಲೆಯ ಆಕಾರವನ್ನು ತೋಡಿ, ನಡುವಿನ ದಿಂಡು, ಸಣ್ಣ ಗೆರೆಗಳು, ಚೂಪು ತುದಿ ಎಲ್ಲವನ್ನೂ ಮೂಡಿಸಿದ. ನೀರು ಹಾಕಿ ಉಜ್ಜಿದಾಗ ಕಲ್ಲಿನ ಎಲೆ ಈಗತಾನೇ ಕೊಯ್ದು ತಂದಂತೆ ಹೊಳೆಯಿತು. ಊರಿಗೆ ಊರೇ ಬಂದು ನೋಡಿತು. ಮಾಸ್ತರರು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದರು. ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಮುಂದಿನ ಆಟಿಯಲ್ಲಿ ಮಳೆ ಹೊಳವಾದ ಒಂದು ದಿನ ಅಜ್ಜಿ ಬಡಿಸಲು ಹೊರಟಳು. ಬೆಳಿಗ್ಗೆಯೇ ಅನ್ಸಾ ಮಾವಶಿ ದೊಡ್ಡ ಬಂಗುಡೆಗಳನ್ನು ತಂದು, ಬೆಲೆಯ ಮಾತೆತ್ತಿದರೆ ಬುಟ್ಟಿಯಿಂದ ಹೊಡೆಯುತ್ತೇನೆ ಎಂದು ಹೋಗಿದ್ದಳು. ಕುಚ್ಚಲಕ್ಕಿ ಅನ್ನ, ಬಂಗುಡೆಯ ಪುಳಿಮುಂಚಿ, ಮಾವನಿಗೆ ಪ್ರಾಣವಾಗಿದ್ದ ಪತ್ರೊಡೆ. ಬಾವಿಕಟ್ಟೆಯ ಸುತ್ತ ಮೂರೂ ಮನೆಯವರು ನಿಂತಿದ್ದರು. ಅಜ್ಜಿ ಹಸಿ ಎಲೆಯನ್ನು ಕಲ್ಲೆಲೆಯ ಮೇಲೆ ಹಾಸಲು ಬಗ್ಗಿದವಳು ಅಲ್ಲೇ ತಡೆದಳು. ಎಲೆಯ ತುದಿ ಊಟಕ್ಕೆ ಕೂತವರ ಎಡಗಡೆಗೆ ಬರಬೇಕು. ಅದು ನಮ್ಮಲ್ಲಿ ಎಳೆಯ ಮಗುವಿಗೂ ಗೊತ್ತು. ಉಣ್ಣಬೇಕಾದವನು ಕಲ್ಲಿನ ಕಡೆ ಕೂತ ಸುಂದರ ಮಾವ, ನಮಗೆ ಮುಖ ಮಾಡಿ ಕೂತವನು. ಅವನ ಎಡಗಡೆ ಎಂದರೆ ನಮ್ಮ ಬಲಗಡೆ. ಕಲ್ಲೆಲೆಯ ತುದಿಯಿದ್ದದ್ದು ನಮ್ಮ ಎಡಗಡೆಗೆ. ಇಷ್ಟು ದಿನ ಎದುರು ನಿಂತು ನೋಡಿದ ನಮಗೆಲ್ಲ ಅದು ಸರಿಯಾಗಿಯೇ ಕಂಡದ್ದು, ನಾವೆಲ್ಲ ಬದುಕಿರುವವರ ಕಡೆಯಿಂದ ನೋಡಿದ್ದರಿಂದ.

ಅಪ್ಪನ ಮುಖ ಬಿಳಿಚಿತು. ಶರಣಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಯವ್ವಾ, ನಾ ಉಣ್ಣಾಕ ಕುಂತಂಗ ಕುಂತು ಕೆತ್ತೀನ್ರೀ. ಎಲಿ ನನ್ ಕಡೀಗೆ ತಿರಗೇತಿ. ತಪ್ಪಾತ್ರೀ, ಒಡದು ಬ್ಯಾರೆ ಕಲ್ಲು ಕೂಡಸ್ತೀನಿ" ಎಂದ. ಅಮ್ಮ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದಳು. ಇನ್ನು ಅಜ್ಜಿ ಆ ಎಲೆಯನ್ನೂ ಮಡಚಿ ಒಳಗೆ ಹೋಗುತ್ತಾಳೆ, ಮಾವನಿಗೆ ಅನ್ನ ಸಿಗುವುದಿಲ್ಲ ಎಂದು ಅವಳಿಗೂ ಅನಿಸಿರಬೇಕು, ನನಗೂ ಅನಿಸಿತು. ಅಜ್ಜಿ ಕಲ್ಲನ್ನು ನೋಡಿದಳು, ಹೆಸರನ್ನು ನೋಡಿದಳು. ಆಮೇಲೆ ಅವಳ ಮುಖ ಬದಲಾದದ್ದನ್ನು ನಾನು ಹೇಗೆ ಬರೆಯಲಿ? ಅಂಥದೊಂದು ಮುಖವನ್ನು ನಾನು ಮತ್ತೆ ಯಾರಲ್ಲಿಯೂ ಕಂಡಿಲ್ಲ.

"ಒಡೆಯುದು ಬೇಡ," ಎಂದಳು. "ಅವ ಕೂತು ಉಂಡದ್ದನ್ನು ನೀವು ಯಾವಾಗ ಕಂಡಿದ್ದೀರಿ? ಅವ ಬಡಿಸುವವ. ಆ ಬದಿಯಲ್ಲಿ ನಿಂತಿದ್ದಾನೆ. ಎಲೆ ಸರಿಯೇ ಉಂಟು, ನಮಗೆ ಹಾಕಿದ್ದು."

ಹಸಿ ಎಲೆಯನ್ನು ಕಲ್ಲೆಲೆ ಇದ್ದ ಹಾಗೆಯೇ, ತುದಿಯನ್ನು ಎಡಕ್ಕೆ ಮಾಡಿ ಹಾಸಿದಳು. ಅಮ್ಮನ ಕೈಯಿಂದ ಪಾತ್ರೆ ತೆಗೆದುಕೊಂಡು ಅನ್ನ ಹಾಕಿ, ಪುಳಿಮುಂಚಿ ಹಾಕಿ, ಒದ್ದೆ ನೆಲದ ಮೇಲೆ ಮಣೆಯೂ ಇಲ್ಲದೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣತೊಡಗಿದಳು. ಆ ಡಿಸೆಂಬರಿನ ನಂತರ ಅವಳು ಬಾಯಿಗಿಟ್ಟ ಮೊದಲ ಮೀನು ಅದು. ಅನ್ಸಾ ಮಾವಶಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಮಾಸ್ತರರು ಟೋಪಿ ತೆಗೆದಿದ್ದರು. ಅಜ್ಜಿ ಮುಳ್ಳು ಬಿಡಿಸಿ ಬಿಡಿಸಿ, ನಿಧಾನವಾಗಿ, ಕಣ್ಣೀರು ಒರೆಸದೆ ಎಲೆ ಬರಿದಾಗುವವರೆಗೂ ಉಂಡಳು. ಕೊನೆಗೆ, ಬಡಿಸುವವನು ಮತ್ತೆ ಹಾಕಲು ಬಂದಾಗ ಬೇಡವೆನ್ನುತ್ತೇವಲ್ಲ, ಹಾಗೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಕಲ್ಲಿನ ಕಡೆ ಮುಖ ಎತ್ತಿ, "ಸಾಕು ಮಗಾ, ಹೊಟ್ಟೆ ತುಂಬಿತು" ಎಂದಳು. ನಾನು ದೊಡ್ಡ ದೊಡ್ಡ ದೇವಸ್ಥಾನಗಳನ್ನು ನೋಡಿದ್ದೇನೆ. ಕೈ ತಾನಾಗಿ ಮುಗಿದುಕೊಂಡದ್ದು ಅಲ್ಲಿ, ಆ ಬಾವಿಕಟ್ಟೆಯಲ್ಲಿ.

ಅದೇ ವರ್ಷದ ದೀಪಾವಳಿಗೆ ಒಳಕೋಣೆಯಲ್ಲಿ ಒಂದು ಎಲೆ ಹೆಚ್ಚು ಬಿತ್ತು. ಹಾಕಿದವಳು ಅಜ್ಜಿಯೇ. ಬಡಿಸಿ, ಬಾಗಿಲು ಹಾಕಿ, ಹೊರಗೆ ಕೂತು, "ಇವತ್ತಾದರೂ ಕೂತು ಉಣ್ಣಲಿ" ಎಂದಳು.

ಈಗ ಅವರು ಯಾರೂ ಇಲ್ಲ. ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು, ಮಾಸ್ತರರ ಮನೆಯ ಮರದ ಮೆಟ್ಟಿಲು ಯಾವುದೋ ಹಳೆಯ ಸಾಮಾನಿನ ಅಂಗಡಿಗೆ ಹೋಯಿತಂತೆ. ಹೋಟೆಲೂ ಮನೆಯೂ ಇದ್ದ ಜಾಗದಲ್ಲಿ ಒಂದು ಟವರ್ ಎದ್ದಿದೆ. ನಮ್ಮ ಅಡುಗೆಮನೆ ಎಲ್ಲಿತ್ತು ಎಂದು ಹುಡುಕಿದರೆ ಪಾರ್ಕಿಂಗಿನ ಎರಡು ಕಂಬಗಳ ನಡುವೆ ನಿಲ್ಲಬೇಕಾಗುತ್ತದೆ. ಬಾವಿಯನ್ನು ಮುಚ್ಚಿದ್ದಾರೆ. ಕಲ್ಲಿಗೆ ಮಾತ್ರ ಯಾರೂ ಕೈ ಹಚ್ಚಿಲ್ಲ, ಟವರಿನ ಗೇಟಿನ ಪಕ್ಕದಲ್ಲಿ ನಿಂತಿದೆ. ಕಳೆದ ಆಟಿಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಲಾಡ್ ಕಲ್ಲು ಮಳೆಗೆ ಸವೆಯುತ್ತದೆ. ಮೂರು ಹೆಸರುಗಳೂ ಬೆರಳಿಗೆ ಮಾತ್ರ ಸಿಗುವಷ್ಟು ಮಾಸಿವೆ, ಸುಂದರ ಎಂಬುದರಲ್ಲಿ ಒಂದು ಸೊನ್ನೆ ಉಳಿದಿದೆ. ಪೂರ್ವದ ಒರಟು ಮುಖದ ಮೇಲೆ ಯಾರೂ ಏನನ್ನೂ ಬರೆದಿಲ್ಲ, ಮಾಸ್ತರರು ಗೆದ್ದರು.

ನಾವು ಹೋದಾಗ ತೆಂಕಿನ ಬದಿಯಲ್ಲಿ ಒಬ್ಬ ವಾಚ್‌ಮನ್ ಕೂತಿದ್ದ. ಕಲ್ಲೆಲೆಯ ಮೇಲೆ ತನ್ನ ಡಬ್ಬ ಬಿಚ್ಚಿ, ಚಪಾತಿ, ಬಟಾಟೆ ಪಲ್ಯ ಹರಡಿಕೊಂಡು, ಕಲ್ಲಿಗೆ ಎದುರಾಗಿ ಉಣ್ಣುತ್ತಿದ್ದ. ದಿನವೂ ಯಾರಾದರೂ ಅಲ್ಲಿ ಕೂತು ತಿನ್ನುತ್ತಿರಬೇಕು, ಎಲೆಯ ತೋಡು ಅಂಗೈ ತಾಗಿ ತಾಗಿ ನುಣ್ಣಗಾಗಿತ್ತು. "ಓ ಭಯ್ಯಾ, ಯೇ ಮೆಮೋರಿಯಲ್ ಹೈ, ಇಧರ್ ಖಾನಾ..." ಎಂದು ಮಗಳು ಸ್ವರ ಏರಿಸಿದಳು. ಅವನು ಗಾಬರಿಯಿಂದ ಅರ್ಧ ಎದ್ದ. ನಾನು ಮಗಳ ಕೈ ಹಿಡಿದೆ. "ಬೈಠೋ, ಬೈಠೋ," ಎಂದೆ ಅವನಿಗೆ, "ಪೇಟ್ ಭರ್ ಕೆ ಖಾವೋ," ಹೊಟ್ಟೆ ತುಂಬ ಉಣ್ಣು. ಅವನು ನನ್ನನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿ ಮತ್ತೆ ಕೂತ. ಅವನ ಬಳಿ ನೀರಿರಲಿಲ್ಲ. ನನ್ನ ಬಾಟಲಿಯನ್ನು ಮುಚ್ಚಳ ತೆಗೆದು ಅವನ ಬಲಗಡೆಗೆ ಇಟ್ಟೆ.